ಟೈಪಿಸ್ಟ್ ಅತ್ತೆಯ ಕಣ್ಣಿನ ಪರೀಕ್ಷೆ

ಕಳೆದ ವಾರ ಕೋರ್ಟಿನ ಹೊರಗೆ, ಅರ್ಜಿ ಟೈಪ್ ಮಾಡಿಕೊಡುವವನ ಪಕ್ಕ ನಿಂತಿದ್ದೆ. ಹೊಸ ರಿಬ್ಬನ್ನಿನ ಶಾಯಿಯ ವಾಸನೆ ಬಂತು. ಅಲ್ಲಿ ನಿಲ್ಲಲಾಗಲಿಲ್ಲ. ಅತ್ತೆಯ ಬೆರಳುಗಳಿಗೆ ಅದೇ ವಾಸನೆ...

ಅವರು ನನ್ನ ಸ್ವಂತ ಅತ್ತೆಯಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ತಮಿಳು ಸೀಮೆಯ ಪೆರಂಬೂರಿನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕೆಳಗಿನ ಮನೆಯವರು, ಹಾಸನದ ಕಡೆಯವರು. ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಯೊಂದರಲ್ಲಿ ಟೈಪಿಸ್ಟ್. ಭಾನುವಾರ ನನ್ನ ಊಟ ಅವರಲ್ಲೇ. ನಾನು ಕಣ್ಣಾಸ್ಪತ್ರೆಯೊಂದರಲ್ಲಿ ಟೆಕ್ನಿಷಿಯನ್. ಕನ್ನಡಕ ಬದಲಿಸಲು ಅಲ್ಲಿಗೆ ಬಂದಿದ್ದ ಅತ್ತೆಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಿದೆ ಎಂದರು ಡಾಕ್ಟರು. ಅತ್ತೆ ಬೆವತುಹೋದರು. ಅವರ ತಾಯಿಗೆ ಕೊನೆಗಾಲದಲ್ಲಿ ಕಣ್ಣೇ ಕಾಣುತ್ತಿರಲಿಲ್ಲವಂತೆ. ಗ್ಲಾಕೋಮಾ ಶುರುವಾಗಿದೆಯೇ ಎಂದು ತಿಳಿಯಲು ದೃಷ್ಟಿಯ ಹರವನ್ನು ಅಳೆಯಬೇಕಿತ್ತು. ಅದು ನನ್ನ ಕೆಲಸ.

ಮೆಷಿನ್ನಿನೊಳಗೆ ನೋಟ ನೆಟ್ಟು ಕೂತು, ಅಲ್ಲಲ್ಲಿ ಸಣ್ಣ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು. ಪ್ರತಿ ಸಲವೂ ಮೆಷಿನ್ 'ಟಿಕ್' ಅನ್ನುತ್ತಿತ್ತು; ನೋಡದೆ ಒತ್ತುವವರನ್ನು ಹಿಡಿಯಲು ನಡುನಡುವೆ ಬೆಳಕಿಲ್ಲದೆ ಬರೀ ಟಿಕ್. ಅತ್ತೆಯ ಬೆರಳು ಆ ಟಿಕ್ಕಿಗೇ ಒತ್ತುತ್ತಿತ್ತು, ಬೆಳಕು ಬಾರದಾಗಲೂ. ವರ್ಷಗಟ್ಟಲೆ ಲಯ ಹಿಡಿದ ಬೆರಳು... ಅದು ನನಗೆ ಗೊತ್ತಾಯಿತು. ಇನ್ನೊಮ್ಮೆ ಮಾಡಬೇಕಿತ್ತು. ಹೊರಗೆ ಜನ ಕಾಯುತ್ತಿದ್ದರು. ಅತ್ತೆಯ ಮುಖದಲ್ಲಿ ಆಗಷ್ಟೇ ನಗು ಮರಳಿತ್ತು.

"ಒಂದೂ ಬಿಡಲಿಲ್ಲ ಅಲ್ವಾ ಪಾ?"

"ಸೂಪರಾಗಿದೆ ಅತ್ತೆ."

ಹಾಳೆಯ ಮೇಲೆ 'ಪರೀಕ್ಷೆ ಸರಿಯಾಗಿದೆ' ಎಂದು ಬರೆದುಬಿಟ್ಟೆ. ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು. ಅತ್ತೆ ಹೋಗಲಿಲ್ಲ. ನಾನೂ ಜ್ಞಾಪಿಸಲಿಲ್ಲ. ಜ್ಞಾಪಿಸಿದರೆ ಆ ಹಾಳೆಯ ಮಾತು ಬರುತ್ತದಲ್ಲ ಎಂಬ ಭಯ...

ನಾಲ್ಕೈದು ವರ್ಷ ಕಳೆಯಿತು. ಒಂದು ಸಂಜೆ ಬಸ್ಸಿಳಿದ ಅತ್ತೆ ಪಕ್ಕದಿಂದ ಬಂದ ಸೈಕಲ್ ಕಾಣದೆ ಬಿದ್ದರು. ಮತ್ತೆ ಪರೀಕ್ಷೆ. ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಿನಲ್ಲಿ ನಡುವಿನ ಒಂದಿಷ್ಟು ನೋಟ ಮಾತ್ರ ಉಳಿದಿತ್ತು. ಹೋದದ್ದು ಮರಳುವುದಿಲ್ಲ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಒಂದು ಭಾನುವಾರ ಅನ್ನ ಕಲಸುತ್ತಾ ಹೇಳಿಬಿಟ್ಟೆ.

"ಅತ್ತೆ, ಆವಾಗಿನ ಟೆಸ್ಟ್ ಸರಿಯಾಗಿರಲಿಲ್ಲ. ಇನ್ನೊಂದ್ಸಲ ಮಾಡ್ಬೇಕಿತ್ತು."

ಅವರು ನನ್ನ ಮುಖಕ್ಕಾಗಿ ಕಣ್ಣಾಡಿಸಿದರು. ಸಿಕ್ಕಿದ ಮೇಲೆ ಬಿಡಲಿಲ್ಲ.

"ಅವತ್ತೇ ಗೊತ್ತಿತ್ತಾ ನಿಂಗೆ?"

ನಾನು ತಲೆ ತಗ್ಗಿಸಿದೆ. ಅವರು ಸಾರಿನ ಪಾತ್ರೆಯನ್ನು ತಡವಿ ನನ್ನ ಕಡೆ ಸರಿಸಿದರು. ಮುಂದಿನ ಭಾನುವಾರವೂ ಊಟಕ್ಕೆ ಕರೆದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ನಾನೀಗ ಮೈಸೂರಿನಲ್ಲಿದ್ದೇನೆ. ಅವತ್ತು ಬಾಯಿಬಿಟ್ಟು 'ಹೌದು' ಅನ್ನಬೇಕಿತ್ತು. ಈಗ ಯಾರಿಗೆ ಅನ್ನಲಿ...