ಚಪ್ಪರದ ಸೇತುವೆಯ ಸುಣ್ಣದ ಬೊಟ್ಟು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಒಂದು ನಿಜ ಹೇಳಬೇಕಿತ್ತು, ಹೇಳಲಿಲ್ಲ. ಅದರ ಬೈಗುಳವನ್ನೆಲ್ಲ ಅಕ್ಕ ತಿಂದಳು.

ನಮ್ಮೂರ ನಾಲೆಯ ಮೇಲೆ ರಾಜರ ಕಾಲದ ಮರದ ಸೇತುವೆ ಇತ್ತು. ಅದಕ್ಕೆ ಮನೆಯ ಹಾಗೆ ಹೆಂಚಿನ ಮಾಡು, ಅದಕ್ಕೇ ಎಲ್ಲರೂ ಚಪ್ಪರದ ಸೇತುವೆ ಎನ್ನುತ್ತಿದ್ದರು. ಅದು ಹಳತಾಗಿ ಅಲುಗತೊಡಗಿದಾಗ ರಿಪೇರಿ ಕೆಲಸ ಬಡಗಿಯಾಗಿದ್ದ ನಮ್ಮ ಅಪ್ಪನಿಗೆ ಸಿಕ್ಕಿತು. ಅಪ್ಪ ಜೊತೆಗೆ ಕರೆದುಕೊಂಡದ್ದು ಹದಿಮೂರು ವರ್ಷದ ಅಕ್ಕನನ್ನು. ಅವಳು ಕೊಡತಿಯಿಂದ ಹಲಗೆಗೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳು. ಗಟ್ಟಿ ಹಲಗೆ ಟಣ್ ಎನ್ನುತ್ತಿತ್ತು, ಒಳಗೆ ಲಡ್ಡು ಹಿಡಿದು ಕೊಳೆತದ್ದು ದಬ್ ಎನ್ನುತ್ತಿತ್ತು. ಲಡ್ಡು ಹಲಗೆಗೆ ಅಕ್ಕ ಸುಣ್ಣದ ಬೊಟ್ಟು ಇಡುತ್ತಿದ್ದಳು. ಬೊಟ್ಟಿರುವ ಕಡೆ ಯಾರೂ ಕಾಲಿಡುವ ಹಾಗಿಲ್ಲ. ತನಗಿಂತ ಇವಳ ಕಿವಿಯೇ ಚುರುಕು ಎಂದು ಅಪ್ಪ ಕಂಡವರ ಮುಂದೆಲ್ಲ ಹೇಳುತ್ತಿದ್ದರು.

ಒಂದು ದಿನ ಮಧ್ಯಾಹ್ನ ಅವರಿಬ್ಬರೂ ಊಟಕ್ಕೆ ಹೋದಾಗ ಸೇತುವೆಯ ಮೇಲೆ ನಾನೊಬ್ಬಳೇ ಇದ್ದೆ. ಮಾಡಿನ ಕೆಳಗೆ ತಂಪು, ಹಳೆಯ ಮರದ ಮತ್ತು ಹಸಿ ಸುಣ್ಣದ ವಾಸನೆ. ನುಣುಪಾದ ಹಲಗೆ ಕಂಡು ನನಗೆ ಕುಂಟೆಬಿಲ್ಲೆ ಆಡುವ ಆಸೆಯಾಯಿತು. ಇದ್ದಿಲಿನಲ್ಲಿ ಮನೆ ಗೀಚುವಾಗ ಒಂದು ಬೊಟ್ಟು ಅಡ್ಡ ಬಂತು. ಲಂಗದ ತುದಿ ಒದ್ದೆ ಮಾಡಿ ಒರೆಸಿಬಿಟ್ಟೆ. ಕಡ್ಡಿಯಂತಿದ್ದ ನಾನು ಎಷ್ಟು ಕುಣಿದರೂ ಹಲಗೆಗೆ ಏನೂ ಆಗಲಿಲ್ಲ.

ಊಟ ಮುಗಿಸಿ ಅಕ್ಕ ಹೊಸ ಹಲಗೆ ಹೊತ್ತು ಬಂದಳು. ಬೊಟ್ಟಿಲ್ಲದ್ದರಿಂದ ಗಟ್ಟಿ ಎಂದು ನಂಬಿ ಆ ಹಲಗೆಯ ಮೇಲೆ ಕಾಲಿಟ್ಟಳು. ಲಟ್ ಎಂದಿತು. ನೋಡುವಷ್ಟರಲ್ಲಿ ಅವಳು ತೊಡೆಯವರೆಗೆ ಸೇತುವೆಯೊಳಗೆ ಇಳಿದಿದ್ದಳು, ಕೆಳಗೆ ನೀರಿನ ಮೇಲೆ ಕಾಲು ನೇತಾಡುತ್ತಿತ್ತು. ಅಪ್ಪ ಓಡಿಬಂದು ಎಳೆದರು. ರಕ್ತ ಸುರಿಯುವ ಕಾಲಿಗೆ ಹೆಗಲ ವಸ್ತ್ರ ಕಟ್ಟಿದರು, ಆಮೇಲೆ ಬೈದರು.

"ಒಂದು ಬೊಟ್ಟು ಇಡೋದು ಮರೀತೀಯಲ್ಲೇ, ಸತ್ತೋಗಿದ್ರೆ?"

ಮರೆತೆನೇನೋ ಎಂದು ಅಕ್ಕ ಅತ್ತಳು. ನಾನು ಕಂಬದ ಹಿಂದೆ ಅಡಗಿಕೊಂಡೆ. ಅಪ್ಪ ಮತ್ತೆಂದೂ ಅವಳ ಕೈಗೆ ಕೊಡತಿ ಕೊಡಲಿಲ್ಲ.

ಇಲ್ಲಿ ಪರದೇಶದ ಈ ಕ್ಯಾಲಮ್‌ವೇಲ್‌ನಲ್ಲಿ ನೀವು ಲೋಟ ಬೀಳಿಸಿದರೂ "ಸಾರಿ ಅಜ್ಜಿ" ಅಂದು ಆಟಕ್ಕೆ ಓಡುತ್ತೀರಿ. ನಮ್ಮ ಮನೆಯಲ್ಲಿ ಆ ಮಾತೇ ಇರಲಿಲ್ಲ. ತಪ್ಪು ಮಾಡಿದವರು ತಲೆ ತಗ್ಗಿಸಿ ಊಟಕ್ಕೆ ಕೂರುತ್ತಿದ್ದರು, ಅಷ್ಟೇ.

ಮೊನ್ನೆ ಅಡಿಲೇಡ್‌ನಿಂದ ಅಕ್ಕ ವಿಡಿಯೋ ಕಾಲ್ ಮಾಡಿದ್ದಳು. ಪಕ್ಕದಲ್ಲಿದ್ದ ಮೊಮ್ಮಗಳಿಗೆ ಕಾಲಿನ ಕಲೆ ತೋರಿಸಿ, "ಒಂದೇ ಒಂದು ಬೊಟ್ಟು ಮರ್ತೆ ನೋಡು, ಬಡಗಿ ಆಗೋದೇ ತಪ್ಪೋಯ್ತು" ಎಂದು ನಕ್ಕಳು. ಅವಳು ಆ ದಿನವನ್ನೇ ಮರೆತಿರಬಹುದು ಎಂದುಕೊಂಡಿದ್ದೆ. ಅರವತ್ತು ವರ್ಷವೂ ತನ್ನದೇ ತಪ್ಪೆಂದು ನಂಬಿಕೊಂಡು ಬಂದಿದ್ದಾಳೆ.

"ಅಕ್ಕಾ, ನೀನು ಮರ್ತಿರ್ಲಿಲ್ಲ. ನೀನಿಟ್ಟಿದ್ದ ಬೊಟ್ಟನ್ನ ಒರೆಸಿದ್ದು ನಾನು. ತಪ್ಪಾಯ್ತು ಕಣಕ್ಕಾ" ಎಂದೆ.