ಅನಗೋಳದಲ್ಲಿ ಕಲಸಿದ ಸಮುದ್ರ

ಅವರ ಹುಬ್ಬಿನ ಮೇಲೆ ಸದಾ ಉಪ್ಪಿನ ಬಿಳಿ ಪುಡಿ ಕೂತಿರುತ್ತಿತ್ತು. ಹಣೆಗೆ ವಿಭೂತಿ, ಹುಬ್ಬಿಗೆ ಉಪ್ಪು. ಅನಗೋಳದ ಒಂದು ಗಲ್ಲಿಯಲ್ಲಿ ಗಾಜಿನ ತೊಟ್ಟಿ, ಬಣ್ಣದ ಮೀನು ಮಾರುವ ಅಂಗಡಿ ಅವರದು. ಮೀನಿನಂಗಡಿ ಅಂತ ಕೇಳಿಕೊಂಡು ಬಂದವರು ಬಂಗಡೆ ಇದೆಯೇ ಅನ್ನುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ ಸಿಟ್ಟಾಗದೆ ಅವರಿಗೆ ಪೇಟೆಯ ದಾರಿ ತೋರಿಸುತ್ತಿದ್ದರು. ನಾನು ಅವರನ್ನು ಅಣ್ಣಾರು ಅನ್ನುತ್ತಿದ್ದೆ, ಅವರಿಗೆ ನಾನು ಅಕ್ಕಾರು.

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ, ಶಿವಬಸವ ನಗರದ ನಮ್ಮ ಮನೆಯಲ್ಲಿ ಹವಳ ಬೆಳೆಸುವ ಹುಚ್ಚು ನನಗೆ ಹತ್ತಿತು. ಸಮುದ್ರವಿಲ್ಲದ ಊರಲ್ಲಿ ಹವಳ ಬದುಕಬೇಕಾದರೆ ಆಗಾಗ ತೊಟ್ಟಿಯ ಸ್ವಲ್ಪ ನೀರು ತೆಗೆದು ಅಷ್ಟೇ ಹೊಸ ಉಪ್ಪುನೀರು ತುಂಬಬೇಕು. ಅದನ್ನು ಕಲಸಲು ಕಲಿಸಿದವರು ಅವರು. ನಳದ ನೀರು ಕೂಡದು, ಫಿಲ್ಟರ್ ಮಾಡಿದ್ದೇ ಆಗಬೇಕು. ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿಗೆ ನೀರಲ್ಲ. ಮೋಟಾರು ಬಿಟ್ಟು ತಿರುಗಿಸಬೇಕು, ಉಪ್ಪಿನಂಶ ಅಳೆಯಬೇಕು, ತೊಟ್ಟಿಯಷ್ಟೇ ಬೆಚ್ಚಗಿರಬೇಕು. ನಾನು ಅವಸರ ಮಾಡಿದರೆ, "ಅಕ್ಕಾರ, ಹಡದಾಕಿಗೆ ಅವತ್ತ ರೊಟ್ಟಿ ಬಡಿ ಅಂತೀರೇನ್ರಿ? ನೀರಿಗೂ ಸುಧಾರಿಸ್ಕೊಳ್ಳಾಕ ಬಿಡ್ರಿ" ಅನ್ನುತ್ತಿದ್ದರು.

ಕಾಯಿಲೆ ಮೀನಿಗೆ ಅವರು ತಾಮ್ರದ ಔಷಧ ಮಾರುತ್ತಿದ್ದರು. ಆ ಬಾಟಲಿ ಮುಟ್ಟಿದ ಕೈಯನ್ನು ಹವಳದ ತೊಟ್ಟಿಗೆ ಅದ್ದಗೊಡುತ್ತಿರಲಿಲ್ಲ. ತಾಮ್ರ ಮೀನಿಗೆ ಮದ್ದು, ಹವಳಕ್ಕೆ ವಿಷ ಎಂದು ಮೊದಲು ಹೇಳಿದವರೂ ಅವರೇ.

ಮೊಣಕಾಲು ನೋವಿನಿಂದ ನನಗೆ ಬಕೆಟ್ ಎತ್ತಲಾಗದೇ ಹೋದಾಗ, ಕಲಸಿದ ನೀರನ್ನು ಅವರೇ ಕ್ಯಾನಿನಲ್ಲಿ ತಂದುಕೊಡತೊಡಗಿದರು. ನಾನು ತಂಬಿಗೆಯಿಂದ ನಿಧಾನಕ್ಕೆ ಸುರಿದರಾಯಿತು. ಪರೀಕ್ಷೆ ಮಾಡುವುದನ್ನೂ ಬಿಟ್ಟೆ. ಅಣ್ಣಾರು ಕಲಸಿದ್ದನ್ನು ಅಳೆದು ನೋಡುವುದು ಅವರ ಮೇಲೆ ಅನುಮಾನಪಟ್ಟಂತೆ ಅನ್ನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಹವಳ ಮುದುಡಿಕೊಂಡವು. ಅರಳುವುದನ್ನು ಬಿಟ್ಟವು, ಬಣ್ಣ ಕಳೆದುಕೊಂಡವು, ಕೊನೆಗೆ ಬರೀ ಸುಣ್ಣದ ಕಡ್ಡಿ ಉಳಿಯಿತು. ಮೀನುಗಳು ಮಾತ್ರ ಏನೂ ಆಗದವರಂತೆ ಈಜಾಡುತ್ತಿದ್ದವು. ಫೋನ್ ಮಾಡಿದೆ. ಅಣ್ಣಾರು ಬಂದು, ನಾನು ಕೊಟ್ಟ ಚಹಾ ಕುಡಿಯುತ್ತ ತೊಟ್ಟಿಯ ಮುಂದೆ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನೀರಿಂದ ಆಗಿದ್ದಲ್ರಿ ಇದು. ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ, ಒಬ್ಬೊಬ್ಬರ ಕೈಗುಣ ಹಂಗಿರತೈತಿ."

ಜೀವಮಾನವೆಲ್ಲ ಸೂಜಿ ಹಿಡಿದ ಕೈ ನನ್ನದು. ನನ್ನ ಕೈಗುಣ ಚಲೋ ಎಂದು ತಾಯಂದಿರು ಕೂಸುಗಳನ್ನೆತ್ತಿಕೊಂಡು ನನ್ನನ್ನೇ ಹುಡುಕಿ ಬರುತ್ತಿದ್ದರು. ಆ ಒಂದು ಮಾತಿಗೆ ಅದೆಲ್ಲ ಕೊಚ್ಚಿಹೋಯಿತು. ಹೊಸ ಹವಳ ಅವರೇ ತಂದರು, ಪುಕ್ಕಟೆ ಕೊಟ್ಟರು, ನೀರು ಬದಲಿಸಲೂ ಅವರೇ ಬರುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದುಕೊಂಡು ನಾನು ಕೈಕಟ್ಟಿ ದೂರ ನಿಲ್ಲುತ್ತಿದ್ದೆ. ಮೊಮ್ಮಗಳು ಹುಟ್ಟಿದಾಗ ಕೂಸಿಗೆ ನೀರು ಎರೆಯಲು ಸೊಸೆ ಕರೆದಳು. ನನಗೆ ಧೈರ್ಯ ಬರಲಿಲ್ಲ. ಮೊಣಕಾಲಿನ ನೆಪ ಹೇಳಿ ಎರೆಯುವವಳೊಬ್ಬಳನ್ನು ಗೊತ್ತು ಮಾಡಿಸಿದೆ.

ಹೋದ ತಿಂಗಳು ಅಣ್ಣಾರು ಲಿಂಗೈಕ್ಯರಾದರು. ಮನೆಯವರನ್ನು ಮಾತಾಡಿಸಿ ಬರೋಣವೆಂದು ಖಾನಾಪುರದ ಅವರ ಮನೆಗೆ ಹೋದೆ. ಅವರ ಹೆಂಡತಿ ಅತ್ತು ಸಮಾಧಾನವಾದ ಮೇಲೆ ಗಂಡನ ಒಳ್ಳೆಯತನ ಹೇಳುತ್ತ ಆ ಬೇಸಿಗೆಯ ಮಾತು ತೆಗೆದರು. ಅಂಗಡಿಯ ಫಿಲ್ಟರ್ ಕೆಟ್ಟಿತ್ತಂತೆ. ಅಕ್ಕಾರ ಹವಳಕ್ಕೆ ನಳದ ನೀರು ಕೊಡಲಾರೆನೆಂದು ನದಿ ಹುಟ್ಟುವ ಕಣಕುಂಬಿಯ ಒರತೆ ನೀರು ತರಿಸಿದರಂತೆ. ತೀರ್ಥದಂಥ ನೀರನ್ನು ಪ್ಲಾಸ್ಟಿಕ್ಕಿನಲ್ಲಿ ಇಡುತ್ತಾರೆಯೇ? ತಾಯಿಯ ಕಾಲದ ತಾಮ್ರದ ಹಂಡೆಗೆ ತುಂಬಿ, ಅದರಲ್ಲೇ ಉಪ್ಪು ಕಲಸಿದರಂತೆ.

"ಉಪ್ಪಿಗೆ ಹಂಡೆ ಹಸರ ಕಿಲುಬು ಹಿಡೀತಿತ್ರಿ. ಹುಣಸಿಹಣ್ಣ ಹಚ್ಚಿ ತಿಕ್ಕಿ ತಿಕ್ಕಿ ನನಗ ಸಾಕಾಗತಿತ್ತು. ನಿಮ್ಮ ಫೋನ್ ಬಂದ ಮ್ಯಾಲೆ ಹಂಡೆ ಮುಂದ ಕುಂತ ಬಿಟ್ರು. ತಾಮ್ರ ಅನ್ನೂದು ನನಗ ಹೊಳೀಲೇ ಇಲ್ಲಲ್ಲ ಅಂದ್ರು. ಅವತ್ತ ಅದನ್ನ ಮಾರಿ, ಅಲ್ಲಿಂದನ ನಿಮ್ಮ ಮನಿಗೆ ಬಂದ್ರು." ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಅಕ್ಕಾರ ಮುಂದ ಎಲ್ಲಾ ಹೇಳಿದೆ, ಒಂದ ಮಾತ ಬೈಲಿಲ್ಲ ಅವರು ಅಂತಿದ್ರು. ನಿಮ್ಮ ಉಪಕಾರ ಮರಿಯಂಗಿಲ್ರಿ."

ಹೌದು, ಹೇಳಿದ್ದರು ಎಂದೆ. ಆ ಹೆಣ್ಣುಮಗಳ ಮುಂದೆ ಇನ್ನೇನು ಹೇಳಲಿ.

ಹಂಡೆಯ ವಿಷಯಕ್ಕೆ ನನಗೆ ಸಿಟ್ಟಿಲ್ಲ. ತೀರ್ಥವನ್ನು ನಾನೂ ತಾಮ್ರದಲ್ಲೇ ಇಡುತ್ತೇನೆ. ಆದರೆ ಎಲ್ಲ ಗೊತ್ತಿದ್ದೂ ಮನೆಗೆ ಬಂದು, ನನ್ನ ಕೈಯ ಚಹಾ ಕುಡಿದು, ಆ ಕೈಯನ್ನೇ ದೂರಿದರಲ್ಲ. ಅಷ್ಟು ವರ್ಷ ನಾನು ಹೆದರಿ ದೂರ ನಿಲ್ಲುವುದನ್ನು ನೋಡುತ್ತಲೇ ನೀರು ಬದಲಿಸಿದರಲ್ಲ. ನಾನು ಕೊಡದ ಕ್ಷಮೆಯನ್ನೂ ತಾವೇ ತೆಗೆದುಕೊಂಡು ಹೋದರು. ಕೇಳೋಣವೆಂದರೆ ಮನುಷ್ಯನೇ ಇಲ್ಲ.

ಈಗ ನೀರು ನಾನೇ ಕಲಸುತ್ತೇನೆ, ಅವರು ಕಲಿಸಿದ ಹಾಗೆಯೇ. ಬೇರೆ ರೀತಿ ನನಗೆ ಗೊತ್ತಿಲ್ಲ. ನನ್ನ ಕೈಯಾರೆ ತಂಬಿಗೆಯಿಂದ ಸುರಿಯುತ್ತೇನೆ, ಹವಳ ಚೆನ್ನಾಗಿ ಅರಳಿವೆ. ಮೊನ್ನೆ ನೀರು ಕಾಯಿಸಿ ಮೊಮ್ಮಗಳನ್ನು ಬಚ್ಚಲಿಗೆ ಕರೆದೆ. "ನಾ ದೊಡ್ಡಾಕಿ ಆಗೀನಿ ಅಜ್ಜಿ, ನಾನ ಜಳಕಾ ಮಾಡತೀನಿ" ಎಂದು ಬಾಗಿಲು ಹಾಕಿಕೊಂಡಳು.