ಅತ್ತೆಯ ಮೇಜಿನ ಮೇಲೆ ಅಳಿಯನ ವೈನ್

ಅತ್ತೆ ದಿನವಿಡೀ ವೈನ್ ಕುಡಿಯುತ್ತಾರೆಂದೇ ಅಳಿಯ ಮದುವೆಯಾದ ಹೊಸತರಲ್ಲಿ ನಂಬಿದ್ದ. "ಅಮ್ಮನದು ವೈನ್ ಪರೀಕ್ಷೆ ಮಾಡೋ ಕೆಲಸ" ಎಂದು ಹೆಂಡತಿ ಹೇಳಿದ್ದಷ್ಟೇ ಆಧಾರ. ಸಂಜೆ ಅತ್ತೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಬಂದರೆ ಎದ್ದು ಕುರ್ಚಿ ಎಳೆದುಕೊಡುತ್ತಿದ್ದ, ಪಾಪ, ಬಿದ್ದುಗಿದ್ದಾರು ಎಂದು. ಅವರು ವೈನನ್ನು ನಾಲಿಗೆಗೆ ಸೋಕಿಸುವುದೇ ಇಲ್ಲ, ದ್ರಾಕ್ಷಿಗೆ ಹೊಡೆದ ಕೀಟನಾಶಕ ಅದರಲ್ಲಿ ಉಳಿದಿದೆಯೇ ಎಂದು ಹುಡುಕುತ್ತಾರೆ, ಕಣ್ಣು ಕೆಂಪಾಗುವುದು ಯಂತ್ರದ ಪರದೆಯ ಮೇಲಿನ ಗೆರೆ ನೋಡಿ ನೋಡಿ ಎಂದು ತಿಳಿಯಲು ಅವನಿಗೆ ಬಹಳ ಕಾಲ ಹಿಡಿಯಿತು.

ಅಷ್ಟರಲ್ಲಿ ಅವನೇ ವೈನ್ ತಯಾರಕನಾಗಿದ್ದ. ತೋಟ ಅಂಗೈಯಗಲ, ಮಾತು ಆಕಾಶದಗಲ. 'ಒಂದು ಹನಿ ವಿಷ ಹೊಡೆದಿಲ್ಲ' ಎಂದು ಲೇಬಲ್ಲಿನಲ್ಲೂ ಅಚ್ಚು ಹಾಕಿಸಿದ. ಕೊಳ್ಳುವ ವ್ಯಾಪಾರಿ ಲೇಬಲ್ ಓದಿ ತಲೆದೂಗುವ ಆಸಾಮಿಯಲ್ಲ. ಪ್ರಯೋಗಾಲಯದ ವರದಿ ಚೊಕ್ಕಟವಾಗಿ ಬಂದರೆ ಮೊದಲ ವರ್ಷದ ವೈನ್ ಪೂರಾ ತನಗೆ, ಇಲ್ಲದಿದ್ದರೆ ಒಂದು ಬಾಟಲಿಯೂ ಬೇಡ ಎಂದುಬಿಟ್ಟ.

ಅಳಿಯ ಎರಡು ಬಾಟಲಿ ಹಿಡಿದು ಪ್ರಯೋಗಾಲಯದಲ್ಲಿ ಅತ್ತೆಯ ಮೇಜಿನ ಮುಂದೆ ಪ್ರತ್ಯಕ್ಷನಾದ.

"ಅಲ್ಲಿಡಿ, ಮುಟ್ಟಬೇಡಿ," ಎಂದರು ಅತ್ತೆ.

ಕೇಳುವ ಪೈಕಿಯೇ ಅವನು? ಒಂದರ ಬಿರಡೆ ತೆಗೆದು, ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಕುಲುಕಿ, "ಸ್ವಲ್ಪ ಮೂಸಿ ನೋಡಿ ಅತ್ತೆ," ಎಂದು ಅವರ ಮೂಗಿಗೇ ಹಿಡಿದ.

"ನನಗೆ ನೆಗಡಿ," ಎಂದು ಅತ್ತೆ ಬಾಟಲಿ ಕಸಿದುಕೊಂಡರು.

ವೈನಿಗೆ ಉಪ್ಪು, ದ್ರಾವಕ ಸೇರಿಸಿ ಕುಲುಕಿ, ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಪುಟ್ಟ ಸೀಸೆಯಲ್ಲಿ ಯಂತ್ರಕ್ಕೆ ಕೊಟ್ಟರು. ಅಳಿಯ ಕದಲದೆ ಅಲ್ಲೇ ಠಿಕಾಣಿ ಹೂಡಿದ. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಸಾಗಿ, ಒಮ್ಮೆಲೇ ಈಟಿಯ ಹಾಗೆ ನೆಟ್ಟಗೆ ಎದ್ದಿತು. ಅಂದರೆ ವಿಷ ಇದೆ. ಅವನ ಮುಖ ಹುಳ್ಳಗಾಯಿತು.

"ಆಣೆಗೂ ನಾನು ಹೊಡೆದಿಲ್ಲ ಅತ್ತೆ. ಯಾರೋ ಆಗದವರು..."

"ಆಗದವರನ್ನ ಆಮೇಲೆ ಹುಡುಕೋಣ. ಬೆಳಿಗ್ಗೆ ಮನೇಲಿ ಏನು ಮಾಡ್ತಿದ್ರಿ?"

"ಏನಿಲ್ಲ. ನಿಮ್ಮ ಮಗಳ ಗುಲಾಬಿ ಗಿಡಕ್ಕೆ ಹುಳ ಬಿದ್ದಿತ್ತು, ಔಷಧಿ..." ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ.

"ದ್ರಾಕ್ಷಿಗೆ ಯಾರೂ ಈ ಔಷಧಿ ಹೊಡೆಯಲ್ಲ. ಗುಲಾಬಿ ವೈನ್ ಮಾಡಿದ್ದೀರೇನೋ ಅಂದ್ಕೊಂಡೆ. ಇನ್ನೊಂದರ ಬಿರಡೆ ನಾನೇ ತೆಗೀತೀನಿ. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಕೈ ಜೇಬಲ್ಲಿರಲಿ."

ಹುಟ್ಟಿದ ಮೇಲೆ ಅಷ್ಟು ಹೊತ್ತು ಅವನು ಜೇಬಿನಿಂದ ಕೈ ತೆಗೆಯದೆ ಕೂತದ್ದು ಅದೇ ಮೊದಲು. ಕೊನೆಗೆ ಅತ್ತೆ ನಗುತ್ತ ಬಾಗಿಲು ತೆರೆದರು. ಈ ಸಲ ಗೆರೆ ತಲೆಯೆತ್ತಿರಲೇ ಇಲ್ಲ. ವರದಿಗೆ ಸಹೋದ್ಯೋಗಿಯ ರುಜುವೂ ಬಿದ್ದಿತ್ತು. ಅಳಿಯನ ಬಾಟಲಿಗೆ ಅತ್ತೆಯ ರುಜು ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ. ಅಳಿಯ ಕುಣಿಯುವುದೊಂದು ಬಾಕಿ. ಹೋದ ಉಸಿರು ಬಂದದ್ದೇ ತಡ, ಎದೆಯೂ ಉಬ್ಬಿತು.

"ಅತ್ತೆ, ಇಲ್ಲಿಗೆ ಬಂದ ವೈನ್‌ಗಳಲ್ಲಿ ನಮ್ಮದಕ್ಕೆ ಎಷ್ಟನೇ ಸ್ಥಾನ?"

"ವಿಷ ಇಲ್ಲದವೆಲ್ಲ ಒಂದೇ ಸಾಲು ಅಳಿಯಂದ್ರೇ. ನಮ್ಮ ನಲ್ಲಿ ನೀರೂ ಅಲ್ಲೇ ನಿಂತಿದೆ."